ಅತ್ತಿಮರದ ತಿರುವಿನ ಮೇಸ್ತ್ರಿ

ಹೋದ ಆಷಾಢದ ಒಂದು ಮಧ್ಯಾಹ್ನ ಮೇಸ್ತ್ರಿಯವರ ಹೆಂಡತಿ ನಮ್ಮ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಗಂಡನ ಮರಣಪತ್ರದ ನಾಲ್ಕು ಜೆರಾಕ್ಸ್ ಪ್ರತಿ. ಮೇಸ್ತ್ರಿ ತೀರಿಕೊಂಡು ಮೂರು ವಾರವಾಗಿತ್ತು. ಕುಟುಂಬ ಪಿಂಚಣಿಯ ಅರ್ಜಿ ತುಂಬಿಕೊಡಬೇಕಿತ್ತು.

"ಇನ್ಯಾರತ್ರ ಓಗ್ಲಿ ಕಣವ್ವಾ. ಅವ್ರಿಗೆ ನೀವಂದ್ರೆ ಮಗಳಿದ್ದಂಗೆ" ಎಂದರು.

ನಾನು ತಲೆ ಎತ್ತದೆ ಬರೆಯತೊಡಗಿದೆ. ಹೆಸರು, ಹುದ್ದೆ, ಸೇವೆಗೆ ಸೇರಿದ ದಿನ, ನಿವೃತ್ತರಾದ ದಿನ. ಹುದ್ದೆ ಎಂಬಲ್ಲಿ 'ಗ್ಯಾಂಗ್ ಮೇಸ್ತ್ರಿ' ಎಂದು ಬರೆದೆ. ಕೊನೆಯ ಅಂಕಣ ಸಾವಿನ ಕಾರಣದ್ದು. 'ಹೃದಯಾಘಾತ' ಎಂದು ಆಸ್ಪತ್ರೆಯವರು ಬರೆದಿದ್ದನ್ನೇ ನಕಲು ಮಾಡಿದೆ. ಬರೆದದ್ದನ್ನು ಹೊಡೆದುಹಾಕಿ ಮತ್ತೆ ಅದನ್ನೇ ಬರೆದೆ. ಆಕೆ ಅದನ್ನು ನೋಡಿ, ನನಗೆ ದುಃಖ ತಡೆಯಲಾಗುತ್ತಿಲ್ಲ ಎಂದುಕೊಂಡು ನನ್ನ ಬೆನ್ನು ಸವರಿದರು.

ಆವತ್ತು ಸವರಿಸಿಕೊಂಡ ಬೆನ್ನು ಇವತ್ತಿಗೂ ಉರಿಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೊಳೆನರಸೀಪುರದಲ್ಲಿ ರಸ್ತೆ ಕೆಲಸ ನೋಡಿಕೊಳ್ಳುವ ಸಣ್ಣ ಕಚೇರಿಯಲ್ಲಿ ನಾನು ಗುಮಾಸ್ತೆ. ನನ್ನ ಯಜಮಾನರು ಅಲ್ಲೇ ಕೆಲಸದಲ್ಲಿದ್ದರು. ಅವರು ಹೋದ ಮೇಲೆ ಅನುಕಂಪದ ಮೇಲೆ ನನಗೆ ಆ ಕೆಲಸ ಬಂತು. ಮಗಳಿಗೆ ಆಗ ಐದು ವರ್ಷ. ಮೊದಲ ದಿನ ಕಚೇರಿಯ ಮೆಟ್ಟಿಲ ಹತ್ತಿರ ನಿಂತು ಒಳಗೆ ಹೋಗಲಾರದೆ ಸೆರಗು ತಿರುಚುತ್ತಿದ್ದಾಗ, ಖಾಕಿ ಶರಟಿನ ಕಪ್ಪನೆಯ ಆಳೊಬ್ಬರು ಎದ್ದು ಬಂದು, "ಬನ್ನಿ ಅವ್ವಾ, ಫ್ಯಾನಿರೋ ಕುರ್ಚಿನ ಯಾರೂ ಇಡ್ಕಳಕ್ಕೆ ಮುಂಚೆ ಕೂತ್ಕಬುಡಿ" ಎಂದರು. ಅವರೇ ಮೇಸ್ತ್ರಿ. ರಸ್ತೆಯ ಗುಂಡಿ ಮುಚ್ಚುವ, ಮೋರಿ ಬಿಡಿಸುವ, ಪಕ್ಕದ ಗಿಡಗಂಟಿ ಕಡಿಯುವ ಹತ್ತು ಜನ ಗ್ಯಾಂಗ್‌ಮನ್ನುಗಳಿಗೆ ಅವರು ಯಜಮಾನರು. ಪಾದಗಳ ಮೇಲೆ ಡಾಂಬರು ಸಿಡಿದು ಸುಟ್ಟ ಬಿಳಿ ಕಲೆಗಳಿದ್ದವು. ದೂರದಿಂದ ನೋಡಿದರೆ ಯಾರೋ ಸುಣ್ಣ ಎರಚಿದ ಹಾಗೆ.

ಈ ಮನುಷ್ಯನಿಗೆ ಸೈಕಲ್ ರೇಸಿನ ಹುಚ್ಚು. ಸ್ವತಃ ಯಾವತ್ತೂ ರೇಸಿನಲ್ಲಿ ಓಡಿಸಿದವರಲ್ಲ. ಅವರ ಹುಚ್ಚು ನೋಡುವುದು. ನಮ್ಮ ಕಡೆ ರೇಸು ವರ್ಷಕ್ಕೆ ಒಂದೋ ಎರಡೋ ನಡೆಯುತ್ತದೆ. ಬಿಜಾಪುರ, ಬಾಗಲಕೋಟೆ ಕಡೆಯಿಂದ ತೆಳ್ಳಗಿನ ಹುಡುಗರು ಬರುತ್ತಾರೆ, ಅವರೇ ಗೆಲ್ಲುತ್ತಾರೆ. ರೇಸಿನ ದಿನ ಗೊತ್ತಾದ ಕೂಡಲೇ ಮೇಸ್ತ್ರಿ ಒಂದು ಹಳೆಯ ಕಡತದ ರಟ್ಟಿನ ಹಿಂಬದಿಯಲ್ಲಿ ರಸ್ತೆಯ ನಕ್ಷೆ ಬರೆದು, ಎಲ್ಲಿ ನಿಲ್ಲಬೇಕು ಎಂದು ಯೋಚಿಸತೊಡಗುತ್ತಿದ್ದರು. ಸಾಹೇಬರು ಗದರಿದರೂ ನಿಲ್ಲುತ್ತಿರಲಿಲ್ಲ.

ಹಾಸನದಲ್ಲಿ ರೇಸು ಮುಗಿಯುವ ಕಡೆ ಅವರು ಯಾವತ್ತೂ ನಿಂತಿಲ್ಲ. "ಅಲ್ಲಿ ಮುಗಿದೋಗಿರ್ತದೆ ಕಣವ್ವಾ. ಮುಗಿದೋಗಿದ್ದುನ್ನ ಏನ್ ನೋಡೋದು?" ಚನ್ನರಾಯಪಟ್ಟಣದ ಹೆದ್ದಾರಿಯಲ್ಲಿ ಜನ ಮೇಲ್ಸೇತುವೆ ಹತ್ತಿ ನೋಡುತ್ತಾರೆ. ಅದೂ ಇವರಿಗೆ ಆಗದು. "ಮೇಲಿಂದ ಬರೀ ಟೋಪಿ ಕಾಣ್ತದೆ. ಟೋಪಿ ನೋಡಕ್ಕೆ ಅಲ್ಲಿಗಂಟ ಓಗ್ಬೇಕಾ?" ಬಾಗೂರಿನ ಒಳಗೆ ರೇಸು ಹಾದ ವರ್ಷ ಅಲ್ಲಿನ ರೋಡ್ ಹಂಪಿನ ಪಕ್ಕ ನಿಂತಿದ್ದರಂತೆ. ಹಂಪು ಬಂದಾಗ ಹುಡುಗರು ಸೀಟು ಬಿಟ್ಟು ಎದ್ದು ನಿಲ್ಲುತ್ತಾರೆ, ಆಗ ಅವರ ತೊಡೆಯ ನರ ಕಾಣುತ್ತದೆ ಎಂದು ವಿವರಿಸುತ್ತಿದ್ದರು. ಕಚೇರಿಯವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಅವರ ಲೆಕ್ಕದಲ್ಲಿ ನೋಡುವುದಕ್ಕೆ ಒಳ್ಳೆಯ ಜಾಗ ಎಂದರೆ ಏರು. ಅದರಲ್ಲೂ ಏರಿನ ಬುಡವಲ್ಲ, ನೆತ್ತಿಯಲ್ಲ, ಮುಕ್ಕಾಲು ಭಾಗ. "ಬುಡದಲ್ಲಿ ಎಲ್ಲಾರೂ ಶೂರ್ರೇ. ನೆತ್ತಿ ಮುಟ್ಟುದ್ರೆ ಸಮಾಧಾನ ಬಂದ್ಬುಡ್ತದೆ. ಮುಕ್ಕಾಲಲ್ಲಿ ಮೊಖ ನೋಡ್ಬೇಕು. ಒಬ್ಬೊಬ್ಬಂದೂ ಅವ್ರವ್ವ ಎತ್ತಾಗ ಇದ್ದ ಮೊಖ." ಬಿಸಿಲು ನಮ್ಮ ಬೆನ್ನಿಗಿರಬೇಕು. ತಿರುವಿನ ಹೊರಮಗ್ಗುಲಲ್ಲಿ ನಿಲ್ಲಬಾರದು, ಸೈಕಲ್ಲು ಜಾರಿದರೆ ಹೊರಕ್ಕೇ ಬರುತ್ತದೆ. ಕೈಯಾಗಲಿ ಕೊಡೆಯಾಗಲಿ ರಸ್ತೆಯ ಅಂಚು ದಾಟಬಾರದು. ಮುಂದಿನವರು ಹೋದರೆಂದು ಹೊರಟುಬಿಡಬಾರದು, ಕೊನೆಯವನು ಹೋಗಿ ಅವನ ಹಿಂದಿನ ಆಂಬುಲೆನ್ಸೂ ಹೋದ ಮೇಲೇ ಹೊರಡಬೇಕು.

ಕೊನೆಯವನ ವಿಷಯಕ್ಕೆ ಕಾರಣವಿತ್ತು. ಮೇಸ್ತ್ರಿ ಇಪ್ಪತ್ತರ ವಯಸ್ಸಿನಲ್ಲಿ ದಿನಗೂಲಿಗೆ ಚನ್ನರಾಯಪಟ್ಟಣದ ರಸ್ತೆಯಲ್ಲಿ ಡಾಂಬರು ಕಾಯಿಸುತ್ತಿದ್ದಾಗ ರೇಸು ಬಂತೆಂದು ಕೆಲಸ ನಿಲ್ಲಿಸಿದರಂತೆ. ಎಲ್ಲರೂ ಹೋದ ಎಷ್ಟೋ ಹೊತ್ತಿನ ಮೇಲೆ ಒಬ್ಬ ಹುಡುಗ ಒಂಟಿಯಾಗಿ ಬಂದು, ಕಾಲು ಊರಿ, ಬಾಯಿ ತೆರೆದು ನಿಂತನಂತೆ. ಮಾತಾಡಲಾಗಲಿಲ್ಲ. ಇವರು ಗ್ಯಾಂಗಿನ ಮಡಕೆಯಿಂದ ನೀರೆತ್ತಿ ಅವನ ಬಾಯಿಗೆ ಹೊಯ್ದರು. ಅವನು ಕುಡಿದು, ಅತ್ತು, ಮತ್ತೆ ಹತ್ತಿ ಹೋದ. "ಅವ್ನ ಇಂದೆ ಯಾರೂ ಇರ್ನಿಲ್ಲ. ಗೆಲ್ಲಕ್ಕಿಲ್ಲ ಅಂತ ಗೊತ್ತು. ಆದ್ರೂ ಓದ. ಅವತ್ತಿಂದ ನಂಗೆ ಇದು ಇಡ್ಕತು."

ರೇಸಿನ ಹಿಂದಿನ ಸಂಜೆ, ಮತ್ತೆ ಬೆಳಗ್ಗೆ, ಅವರು ನಿಲ್ಲಲು ಆರಿಸಿದ ತಿರುವನ್ನು ತಾವೇ ಗುಡಿಸುತ್ತಿದ್ದರು. ತಿರುವಿನಲ್ಲಿ ಲಾರಿಗಳಿಂದ ಉದುರಿದ ಮರಳು, ಜಲ್ಲಿಪುಡಿ ಅಂಚಿಗೆ ಬಂದು ಕೂರುತ್ತದೆ. ಬಸ್ಸು ಲಾರಿಗಳಿಗೆ ಅದು ಗೊತ್ತೇ ಆಗುವುದಿಲ್ಲ, ಬೆರಳಗಲದ ಟೈರಿಗೆ ಅದೇ ಸಾಕು. ಉದ್ದ ಹಿಡಿಯ ಕಡ್ಡಿಪೊರಕೆಯನ್ನು ಸೈಕಲ್ಲಿನ ಬಾರಿಗೆ ಕಟ್ಟಿಕೊಂಡು ಹೋಗಿ, ನೂರು ನೂರೈವತ್ತು ಮಾರು ರಸ್ತೆಯನ್ನು ಅಂಗಳದ ಹಾಗೆ ಗುಡಿಸಿ, ಕೊನೆಗೆ ಬರಿಗಾಲಲ್ಲಿ ನಡೆದು ನೋಡುತ್ತಿದ್ದರು. ಕಾಲಿಗೆ ಒಂದು ಹರಳು ತಾಗಿದರೂ ಮತ್ತೆ ಗುಡಿಸುತ್ತಿದ್ದರು. ಇದನ್ನು ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ನಿವೃತ್ತಿಯಾದ ಮೇಲೂ ಬಿಡಲಿಲ್ಲ.

ಅವರು ನಿವೃತ್ತರಾದ ಮರುವರ್ಷ ನಾನು ಮಗಳನ್ನು ಕರೆದುಕೊಂಡು ಮೊದಲ ಸಲ ರೇಸು ನೋಡಲು ಹೋದೆ. "ಬರೀ ಮನೆ, ಆಪೀಸು ಅಂತ ಒಣಗೋಯ್ತಿದ್ದೀರ. ಒಂದಿನ ಬನ್ನಿ ಅವ್ವಾ" ಎಂದು ಮನೆಗೇ ಬಂದು ಕರೆದಿದ್ದರು. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ರಸ್ತೆಯಲ್ಲಿ ಒಂದು ಉದ್ದನೆಯ ಏರಿದೆ. ಮುಕ್ಕಾಲು ಏರಿದ ಮೇಲೆ ಒಂದು ಅತ್ತಿಮರ, ಅಲ್ಲಿ ರಸ್ತೆ ಎಡಕ್ಕೆ ತಿರುಗುತ್ತದೆ, ತಿರುವಿನಲ್ಲಿ ಒಂದು ಮೋರಿ. ಆ ವರ್ಷ ರೇಸು ಹಾಸನದಿಂದ ಹೊರಟು ಹೊಳೆನರಸೀಪುರ, ಅರಕಲಗೂಡು, ಗೊರೂರು ಸುತ್ತಿ ಮತ್ತೆ ಹಾಸನ ಸೇರುವುದು. ನಾನು ಸ್ಕೂಟರಿನಲ್ಲಿ ತಲುಪುವಷ್ಟರಲ್ಲಿ ಮೇಸ್ತ್ರಿ ಗುಡಿಸಿ ಮುಗಿಸಿ ಮರದಡಿ ಚಿತ್ರಾನ್ನದ ಪೊಟ್ಟಣ ಬಿಚ್ಚುತ್ತಿದ್ದರು. ನಮ್ಮನ್ನು ಬಿಟ್ಟರೆ ಅಲ್ಲಿ ಇದ್ದದ್ದು ಮೇಕೆ ಕಾಯುವ ಒಬ್ಬ ಮುದುಕಿ.

ಮೊದಲು ಪೈಲಟ್ ಜೀಪು ಬಂತು. ಆಮೇಲೆ ಒಂದು ಸದ್ದು, ಜೇನುಹುಳು ಎದ್ದಂತೆ. ತಿರುವಿನ ಕೆಳಗಿಂದ ನಲವತ್ತು ಮುಖಗಳು ಒಟ್ಟಿಗೆ ಮೇಲೆದ್ದವು. ಅಷ್ಟು ಹತ್ತಿರ, ಅಷ್ಟು ನಿಧಾನ. ಬಾಯಿಂದ ಜೊಲ್ಲು ಇಳಿಯುತ್ತಿರುವವನು, ಕಣ್ಣು ಮುಚ್ಚಿಕೊಂಡು ತುಳಿಯುವವನು, ತನ್ನಷ್ಟಕ್ಕೆ ಏನೋ ಎಣಿಸುವವನು. ಮೇಸ್ತ್ರಿ ಕೂಗಲಿಲ್ಲ, ಚಪ್ಪಾಳೆ ಹೊಡೆಯಲಿಲ್ಲ. ದನ ಕರು ಹಾಕುವಾಗ ಪಕ್ಕದಲ್ಲಿ ಕೂತವರ ಹಾಗೆ ಮೆಲ್ಲಗೆ, "ಹೂಂ... ಆಯ್ತು... ಇನ್ನೊಂದೀಟು... ಬಂದ್ಬುಡ್ತು ಕಣಪ್ಪಾ" ಎನ್ನುತ್ತಿದ್ದರು. ಗಂಡ ಸತ್ತ ಮೇಲೆ ನನಗೆ ಅಳು ಬಂದದ್ದು ಆವತ್ತೇ ಮೊದಲು. ಯಾಕೆಂದು ಗೊತ್ತಿಲ್ಲ. ಕೈಯಲ್ಲಿದ್ದ ಮೊಬೈಲಿನಲ್ಲಿ ಅದೆಲ್ಲ ವಿಡಿಯೊ ಆಗಿತ್ತು, ಹಿನ್ನೆಲೆಯಲ್ಲಿ ಮೇಸ್ತ್ರಿಯ ದನಿಯೂ ಸೇರಿ.

ಮನೆಗೆ ಬಂದು ಅದನ್ನು ಫೇಸ್‌ಬುಕ್ಕಿಗೆ ಹಾಕಿದೆ. 'ಸೈಕಲ್ ರೇಸ್ ನೋಡೋದಕ್ಕೆ ಜಿಲ್ಲೆಯಲ್ಲೇ ಒಳ್ಳೆಯ ಜಾಗ' ಎಂದು ಬರೆದು, ಎಲ್ಲಿ ಎಂಬುದನ್ನೂ ಹಾಕಿದೆ. ಎರಡು ದಿನದಲ್ಲಿ ಅದು ಎಲ್ಲೆಲ್ಲಿಗೋ ಹೋಯಿತು. ಅರಕಲಗೂಡಿನ ಬಸ್ಸಿನಲ್ಲಿ, ಚನ್ನರಾಯಪಟ್ಟಣದ ಸಂಬಂಧಿಕರ ಮದುವೆಯಲ್ಲಿ, ಜನ ನನಗೇ ಅದನ್ನು ತೋರಿಸಿ 'ಆ ಅಜ್ಜನ ದನಿ ಕೇಳಿ' ಎಂದರು. ನನ್ನನ್ನು ಯಾರಾದರೂ ಗಮನಿಸಿ ಎಷ್ಟೋ ಕಾಲವಾಗಿತ್ತು. ನನಗೆ ಅದು ರುಚಿಸಿತು. ಇದನ್ನು ಮುಚ್ಚಿಡುವುದಿಲ್ಲ. ಮೇಸ್ತ್ರಿಗೂ ಖುಷಿಯಾಗಿತ್ತು. "ನಮ್ಮ ರಸ್ತೆನ ಊರೋರೆಲ್ಲಾ ನೋಡ್ತಾವ್ರೆ" ಎಂದು ಹಲ್ಲು ಕಾಣುವಂತೆ ನಕ್ಕಿದ್ದರು.

ಮುಂದಿನ ವರ್ಷ ರೇಸು ನಡೆಸುವವರು ದಾರಿಯನ್ನು ತಿರುಗಿಸಿದರು. ಹಾಸನದಿಂದ ಮೊದಲು ಗೊರೂರು, ಆಮೇಲೆ ಅರಕಲಗೂಡು, ಅಲ್ಲಿಂದ ಹೊಳೆನರಸೀಪುರ. ಸುದ್ದಿ ಕೇಳಿದ ಸಂಜೆಯೇ ಮೇಸ್ತ್ರಿ ನಮ್ಮ ಮನೆಗೆ ಬಂದರು. ಕೂರಲಿಲ್ಲ.

"ಈ ಸಲ ಅತ್ತಿಮರದತ್ರ ಬ್ಯಾಡಿ ಅವ್ವಾ. ಅದು ಏರಲ್ಲ ಈಗ, ಇಳಿಜಾರು. ಕಣ್ಣು ಮಿಟುಕ್ಸೋದ್ರೊಳಗೆ ಬಂದ್ಬುಡ್ತಾರೆ. ಅದು ನೋಡೋ ಜಾಗ ಅಲ್ಲ. ಗೊರೂರತ್ರ ನಾಲೆ ದಾಟಿದ ಮ್ಯಾಲೆ ಒಂದು ಸಣ್ಣ ಏರೈತೆ, ಅಲ್ಲಿಗೆ ಓಗಿ, ಮಗೂನೂ ಕರ್ಕಂಡೋಗಿ."

"ನೀವೂ ಅಲ್ಲಿಗೇ ಬರ್ತೀರಲ್ಲ?"

"ಇಲ್ಲ. ನಾನು ಮರದತ್ರ ಇರ್ಬೇಕಾಯ್ತದೆ. ನಿಮ್ ವಿಡಿಯ ನೋಡಿ ಜನ ಅಲ್ಲಿಗೇ ಬತ್ತಾರೆ. ಇಂದಕ್ಕೆ ನಿಲ್ಸಕ್ಕೆ ಒಬ್ರಾದ್ರೂ ಬೇಕಲ್ಲ."

ಅವರು ಬೈಯಲಿಲ್ಲ. ಹೇಳಬೇಕಾದದ್ದನ್ನು ಹೇಳಿ ಹೋದರು. ನಾನು ತಲೆಯಾಡಿಸಿದೆ. ಆದರೆ ಇಳಿಜಾರಿನಲ್ಲಿ ನಲವತ್ತು ಸೈಕಲ್ಲು ಗಾಳಿಯ ಹಾಗೆ ಬರುವ ವಿಡಿಯೊ ಇನ್ನೂ ಚೆನ್ನಾಗಿರುತ್ತದೆ ಎಂಬುದು ಆಗಲೇ ನನ್ನ ತಲೆಯಲ್ಲಿ ಕೂತಿತ್ತು. ರೇಸಿನ ದಿನ ಮಗಳನ್ನು ಅಮ್ಮನ ಮನೆಯಲ್ಲಿ ಬಿಟ್ಟು ನಾನು ಅತ್ತಿಮರದ ಹತ್ತಿರಕ್ಕೇ ಹೋದೆ.

ಅಲ್ಲಿ ಸಂತೆ ನೆರೆದಿತ್ತು. ರಸ್ತೆಯ ಎರಡೂ ಕಡೆ ಬೈಕು, ಕಾರು, ಐಸ್‌ಕ್ರೀಮಿನ ಗಾಡಿ. ಮೋರಿಕಟ್ಟೆಯ ಮೇಲೆ ಹುಡುಗರು ಸಾಲಾಗಿ ಕೂತಿದ್ದರು. ಮೇಸ್ತ್ರಿ ಬೆಳಗಿನ ಜಾವವೇ ಬಂದು ಗುಡಿಸಿ, ರಸ್ತೆಯ ಎರಡೂ ಅಂಚಿಗೆ ಸುಣ್ಣದ ಗೆರೆ ಎಳೆದಿದ್ದರು. ಜನ ಅದನ್ನು ತುಳಿದು ಅಳಿಸಿದ್ದರು. ಅವರು ಪೊರಕೆಯನ್ನು ಅಡ್ಡ ಹಿಡಿದುಕೊಂಡು ಆ ತುದಿಯಿಂದ ಈ ತುದಿಗೆ ಓಡಾಡುತ್ತಾ, "ಇಂದಕ್ಕೆ ಬನ್ರಪ್ಪಾ, ಕೈ ಮುಗೀತೀನಿ, ಒಂದೆಜ್ಜೆ ಇಂದಕ್ಕೆ" ಎಂದು ಬೇಡುತ್ತಿದ್ದರು. ದನಿ ಕಟ್ಟಿಹೋಗಿತ್ತು. ಒಬ್ಬ, "ನೀನ್ಯಾವ ಸೀಮೆ ಪೊಲೀಸ್ನಲಾ" ಎಂದ. ನಗು ಎದ್ದಿತು. ಮೋರಿಕಟ್ಟೆಯಲ್ಲಿ ಕೂತವರನ್ನು ಮಾತ್ರ ಹೇಗೋ ಇಳಿಸಿ ಗದ್ದೆಯ ಬದುವಿಗೆ ಕಳಿಸಿದರು. ಅವರು ಅಲ್ಲೇ ಇದ್ದಿದ್ದರೆ ಇನ್ನೆಷ್ಟು ಜನ ಹೋಗುತ್ತಿದ್ದರೋ.

ನನ್ನನ್ನು ನೋಡಿದರು. ಮುಖ ಬಿದ್ದುಹೋಯಿತು. "ನೀವ್ಯಾಕ್ ಬಂದ್ರಿ" ಎಂದಷ್ಟೇ ಹೇಳಿ, ನನ್ನನ್ನು ತಿರುವಿನ ಒಳಮಗ್ಗುಲಿಗೆ ಕರೆದು ನಿಲ್ಲಿಸಿ, ನನ್ನ ಮುಂದೆ ಕಾಲಿನಿಂದ ಮಣ್ಣಿನಲ್ಲಿ ಗೆರೆ ಎಳೆದು, "ಇದ್ರಿಂದೀಚೆ" ಎಂದು ಹೋದರು.

ಜೀಪು ಬಂತು. ಈ ಸಲ ಜೇನಿನ ಸದ್ದಿಲ್ಲ, ಬಟ್ಟೆ ಹರಿದಂಥ ಸದ್ದು. ನನ್ನ ಮುಂದೆ ಯಾರದೋ ತಲೆ ಅಡ್ಡ ಬಂತು. ನಾನು ಒಂದು ಹೆಜ್ಜೆ ಮುಂದಿಟ್ಟು, ಮೊಬೈಲು ಹಿಡಿದ ಕೈಯನ್ನು ರಸ್ತೆಯ ಮೇಲಕ್ಕೆ ಚಾಚಿದೆ.

ಹಿಂದಿನಿಂದ ಯಾರೋ ತಳ್ಳಿದರು ಎಂದು ನಾನು ಬಹಳ ದಿನ ನನಗೇ ಹೇಳಿಕೊಂಡೆ. ಯಾರೂ ತಳ್ಳಲಿಲ್ಲ.

ಮುಂದಿದ್ದ ಹುಡುಗ ನನ್ನ ಕೈಯನ್ನು ಕಂಡು ಹ್ಯಾಂಡಲ್ಲು ಎಳೆದ. ಪಕ್ಕದವನ ಚಕ್ರಕ್ಕೆ ಅವನ ಚಕ್ರ ತಾಗಿತು. ಆಮೇಲೆ ಕಬ್ಬಿಣ ಡಾಂಬರಿನ ಮೇಲೆ ಉಜ್ಜುವ ಸದ್ದು, ಒಬ್ಬರ ಮೇಲೊಬ್ಬರು. ಏಳೆಂಟು ಜನ ಬಿದ್ದರು, ಒಬ್ಬನನ್ನು ಬಿಟ್ಟು ಎಲ್ಲರೂ ಎದ್ದರು. ಮುಂದಿದ್ದ ಆ ಹುಡುಗ ತಿರುವಿನ ಹೊರಕ್ಕೆ ಹಾರಿ ಮೋರಿಕಟ್ಟೆಗೆ ಬಡಿದಿದ್ದ. ಹೆಲ್ಮೆಟ್ಟಿತ್ತು, ಬಿರುಕೂ ಬಿಟ್ಟಿರಲಿಲ್ಲ. ಕತ್ತು ಹೋಗಿತ್ತು. ಮೇಸ್ತ್ರಿ ಅವನ ಪಕ್ಕ ಮಣ್ಣಿನಲ್ಲಿ ಕೂತು, ಕತ್ತು ಅಲುಗಬಾರದೆಂದು ಎರಡೂ ಕೈಯಲ್ಲಿ ತಲೆಯನ್ನು ಹಿಡಿದುಕೊಂಡಿದ್ದರು. ಆಂಬುಲೆನ್ಸಿನವರು ಎತ್ತಿಕೊಳ್ಳುವವರೆಗೂ ಕೈ ತೆಗೆಯಲಿಲ್ಲ. ಹಾಸನ ಮುಟ್ಟುವ ಮೊದಲೇ ಅವನು ಹೋದ. ಬಾಗಲಕೋಟೆಯ ಕಡೆಯವನು, ಹತ್ತೊಂಬತ್ತು ವರ್ಷ.

ಜನ ನೋಡನೋಡುತ್ತಿದ್ದಂತೆ ಕರಗಿದರು. ಅಷ್ಟು ಮೊಬೈಲುಗಳಿದ್ದವು, ಆದರೆ ಎಲ್ಲರ ವಿಡಿಯೊದಲ್ಲೂ ಆ ಗಳಿಗೆಯಲ್ಲಿ ಇದ್ದದ್ದು ಎದುರಿನವರ ತಲೆ, ಆಮೇಲೆ ಆಕಾಶ. ಕೈಯೊಂದು ಅಡ್ಡ ಬಂತು ಎಂದು ಕೆಲವರು ಹೇಳಿದರು, ಯಾರದೆಂದು ಹೇಳಲಿಲ್ಲ. ನಾನು ಅತ್ತಿಮರಕ್ಕೆ ಒರಗಿ ನಿಂತಿದ್ದೆ. ಮೇಸ್ತ್ರಿ ನನ್ನ ಹತ್ತಿರ ಬಂದರು. ಅಂಗೈ ತುಂಬಾ ರಕ್ತ.

"ನಾನೇ" ಎಂದೆ.

"ಕಂಡೆ."

"ಪೊಲೀಸ್ರಿಗೆ ಹೇಳ್ತೀನಿ ಮೇಸ್ತ್ರಿ."

"ಸುಮ್ಕಿರಿ. ಕೇಸಾಯ್ತದೆ. ಮೊದ್ಲು ಸಸ್ಪೆಂಡು, ಆಮೇಲೆ ಕೋರ್ಟು. ಆ ಮಗೀಗೆ ನಿಮ್ಮನ್ನ ಬುಟ್ರೆ ಯಾರವ್ರೆ? ಮನೆಗೋಗಿ."

ನಾನು ಹೋಗಲಿಲ್ಲ, ಆದರೆ ಹೇಳಲೂ ಇಲ್ಲ. ಸ್ವಲ್ಪ ಹೊತ್ತಿಗೆ ಪೊಲೀಸರು ಬಂದು ಮಹಜರು ಬರೆಯತೊಡಗಿದರು. ರಸ್ತೆಯಲ್ಲಿ ಮರಳಿತ್ತಾ ಎಂದು ಕೇಳಿದರು. ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತು ಕೇಳಿದೆ.

"ಇತ್ತು ಸಾ" ಎಂದರು ಮೇಸ್ತ್ರಿ. "ಗುಡ್ಸಕ್ಕೆ ನಾನೇ ಒಪ್ಕಂಡಿದ್ದೆ. ವಯಸ್ಸಾಯ್ತು, ಕಣ್ಣು ಮಂಜು. ತಿರುವಲ್ಲಿ ಬುಟ್ಬುಟ್ಟಿದ್ದೀನಿ. ಸೈಕಲ್ ಜಾರ್ತು."

ಅವರ ಸುತ್ತ ಆ ರಸ್ತೆ ಅಂಗೈ ಹಾಗೆ ಸ್ವಚ್ಛವಾಗಿತ್ತು. ಬರೆಯುವವನು ಬಗ್ಗಿ ನೋಡಲಿಲ್ಲ. ಮೇಸ್ತ್ರಿ ಹೆಬ್ಬೆಟ್ಟು ಒತ್ತುವವರಲ್ಲ, ಸಹಿ ಕಲಿತಿದ್ದರು. ನಿಧಾನವಾಗಿ ಅಕ್ಷರ ಕೂಡಿಸಿ ಸಹಿ ಮಾಡಿದರು.

ಆ ರಾತ್ರಿ ನನ್ನ ವಿಡಿಯೊವನ್ನು ಒಂದೇ ಸಲ ನೋಡಿ ಅಳಿಸಿದೆ. ಅದರ ಕೊನೆಯಲ್ಲಿ ಆ ಹುಡುಗನ ಮುಖ ಒಂದು ಕ್ಷಣ ದೊಡ್ಡದಾಗಿ ಕಾಣುತ್ತದೆ. ಭಯವಿಲ್ಲ ಅದರಲ್ಲಿ. ದಾರಿಯಲ್ಲಿ ಯಾರೋ ಇದ್ದಾರೆ, ಅವರಿಗೆ ತಾಗಬಾರದು ಎನ್ನುವ ಗಾಬರಿ ಮಾತ್ರ.

ಮೇಸ್ತ್ರಿಯ ಮೇಲೆ ಕೇಸೇನೂ ನಿಲ್ಲಲಿಲ್ಲ. ಗುಡಿಸುವುದು ಅವರ ಕೆಲಸವೇ ಆಗಿರಲಿಲ್ಲವಲ್ಲ. ಅದು ಅಪಘಾತ ಎಂದು ಮುಗಿಯಿತು. ಆದರೆ ಊರಿನವರು ಮುಗಿಸಲಿಲ್ಲ. 'ಗುಡುಸ್ತೀನಿ ಅಂತ ಓಗಿ ಉಡುಗುನ್ನ ಕೊಂದ' ಎಂದರು. ಟೀ ಅಂಗಡಿಯಲ್ಲಿ ಇವರು ಬಂದರೆ ಮಾತು ನಿಲ್ಲುತ್ತಿತ್ತು. ಜೊತೆಯಲ್ಲಿ ದುಡಿದ ಗ್ಯಾಂಗಿನವರೇ, "ಮೇಸ್ತ್ರಿ, ನಿಮ್ಗ್ಯಾಕೆ ಬೇಕಿತ್ತು" ಎಂದರು. ಅವರು ಎಲ್ಲದಕ್ಕೂ ಹೌದೆಂದು ತಲೆಯಾಡಿಸುತ್ತಿದ್ದರು. ನನಗೆ ಮಾತ್ರ ಒಂದು ಸಲ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ, ತಾವಾಗಿ ಹೇಳಿದರು: "ತಿರುವಲ್ಲಿ ಮರಳಿತ್ತು ಅಂತ ಅಂದ್ನಲ್ಲ. ಬೆಳಗ್ಗೆ ಬರಿಗಾಲಲ್ಲಿ ಎಲ್ಡು ಸಲ ನಡ್ದು ನೋಡಿದ್ದೆ ಕಣವ್ವಾ. ನಲವತ್ತೊರ್ಷದ ಕೆಲ್ಸ." ಹೇಳಿ ಬಸ್ಸು ಹತ್ತಿದರು.

ಒಂದು ತಿಂಗಳಾಗಿರಬೇಕು. ಬಿಳಿ ಟೋಪಿ, ಧೋತರದ ಒಬ್ಬ ಗಂಡಸು ಕಚೇರಿಗೆ ಬಂದು ನನ್ನ ಮೇಜಿನ ಮುಂದೆಯೇ ನಿಂತ. "ಅವತ್ತ ಸೈಕಲ್ ರೇಸಿನ್ಯಾಗ ಸತ್ತ ಹುಡುಗನ ಅಪ್ಪ ರೀ ನಾನು. ಆ ರಸ್ತಾ ಗುಡಿಸಿದ ಮೇಸ್ತ್ರಿ ಅಂತಲ್ಲ, ಅವರನ್ನ ನೋಡಬೇಕಿತ್ತು. ಆ ಜಾಗಾನೂ ನೋಡಬೇಕಿತ್ತು." ದಾಖಲೆಗೆಂದು ತನ್ನ ಫೋನ್ ನಂಬರನ್ನೂ ಬರೆದುಕೊಟ್ಟ. ನಾನು ಮೇಸ್ತ್ರಿಗೆ ಫೋನು ಮಾಡಿದೆ. ಬರಬೇಡಿ ಎಂದು ಹೇಳಬೇಕೆಂದಿದ್ದೆ, ವಿಷಯ ಕೇಳಿದ ಕೂಡಲೇ ಅವರು ಹೊರಟುಬಿಟ್ಟರು.

ಮೂವರೂ ಆಟೋದಲ್ಲಿ ಹೋದೆವು. ಅತ್ತಿಮರದ ಹತ್ತಿರ ಇಳಿದು ಮೇಸ್ತ್ರಿ ಮೋರಿಕಟ್ಟೆಯನ್ನು ತೋರಿಸಿದರು. ಆ ಅಪ್ಪ ಅದನ್ನು ಮುಟ್ಟಿ ನೋಡಿದ. ಬಹಳ ಹೊತ್ತು ಮುಟ್ಟಿಕೊಂಡೇ ಇದ್ದ. ಆಮೇಲೆ ಎದ್ದು ಕೇಳಿದ:

"ಉಸುಕು ಎಲ್ಲಿತ್ತು?"

ಮೇಸ್ತ್ರಿ ರಸ್ತೆಯ ನಡುವೆ ಒಂದು ಕಡೆ ಬೆರಳು ತೋರಿಸಿದರು. "ಇಲ್ಲಿತ್ತು. ನಾನು ಗುಡುಸ್ನಿಲ್ಲ. ನನ್ ತಪ್ಪು."

ಅಪ್ಪ ಅವರ ಕೆನ್ನೆಗೆ ಹೊಡೆದ. ಒಂದಲ್ಲ, ಎರಡು ಸಲ. ಮೇಸ್ತ್ರಿ ಕೈ ಎತ್ತಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ಎರಡನೆಯ ಏಟಿಗೆ ಬಾಯಲ್ಲಿದ್ದ ಎಲೆಅಡಿಕೆ ಶರಟಿನ ಮೇಲೆ ಚೆಲ್ಲಿತು. ಹೊಡೆದವನೇ ಕುಸಿದು ಕೂತು ಅಳತೊಡಗಿದ. ಮೇಸ್ತ್ರಿ ಅವನ ಪಕ್ಕ ಕೂತರು. ನಾನು ಆಟೋದ ಕಂಬಿ ಹಿಡಿದು ನಿಂತಿದ್ದೆ. ಹೇಳಲು ಒಂದೇ ಮಾತಿತ್ತು, ಒಂದೇ ಶಬ್ದ. ಬಾಯಿ ತೆರೆದೆ ಕೂಡ. ಮೇಸ್ತ್ರಿ ಅಲ್ಲಿಂದಲೇ ನನ್ನತ್ತ ನೋಡಿ ಬೇಡವೆಂದು ತಲೆ ಅಲ್ಲಾಡಿಸಿದರು. ಅವರು ಬೇಡವೆಂದದ್ದು ನಿಜ. ಅತ್ತಿಮರದ ಹತ್ತಿರ ಬರಬೇಡಿ ಎಂದಾಗ ನಾನು ಕೇಳಿರಲಿಲ್ಲ, ಇದನ್ನು ಮಾತ್ರ ಕೇಳಿದೆ. ನನಗೆ ಅನುಕೂಲವಾಗಿತ್ತು, ಕೇಳಿದೆ.

ಅದಾದ ಮೇಲೆ ಮೇಸ್ತ್ರಿ ಒಂದೂವರೆ ವರ್ಷ ಬದುಕಿದರು. ಚನ್ನರಾಯಪಟ್ಟಣದ ಕಡೆ ಒಂದು ರೇಸು ನಡೆಯಿತು, ಹೋಗಲಿಲ್ಲ. ಯುಗಾದಿಗೆ, ಗೌರಿಹಬ್ಬಕ್ಕೆ ನಾನು ಅವರ ಮನೆಗೆ ಹೋಗುತ್ತಿದ್ದೆ. ಹಣ್ಣು, ಹೂವು ಇಟ್ಟು ಅವರ ಹೆಂಡತಿಯ ಕೈಯಲ್ಲಿ ಕುಂಕುಮ ಇಡಿಸಿಕೊಳ್ಳಲಾಗದೆ, ಬರೀ ಕಾಫಿ ಕುಡಿದು ಬರುತ್ತಿದ್ದೆ. ಮೇಸ್ತ್ರಿ ಮಗಳ ಓದಿನ ಬಗ್ಗೆ ಕೇಳುತ್ತಿದ್ದರು. ಹೊರಗೆ ಜಗಲಿಯಲ್ಲಿ ಕೂತು, ಹೋಗಿ ಬರುವ ಬಸ್ಸುಗಳನ್ನು ನೋಡುತ್ತಿದ್ದರು. ಒಂದು ಬೆಳಗ್ಗೆ ಅಲ್ಲೇ ಒರಗಿದರು.

ಪಿಂಚಣಿ ಅರ್ಜಿಗೆ ಸಹಿ ಹಾಕಿಸಿ ಆಕೆಯನ್ನು ಬಸ್ಸು ಹತ್ತಿಸಿ ಬಂದ ಸಂಜೆ, ಬಾಗಲಕೋಟೆಯ ಆ ನಂಬರಿಗೆ ಫೋನು ಮಾಡಿದೆ. ನಾನು ಯಾರೆಂದು ಹೇಳಿದೆ. ರಸ್ತೆಯಲ್ಲಿ ಮರಳಿರಲಿಲ್ಲ ಎಂದೆ. ಕೈ ನನ್ನದು ಎಂದೆ. ಮೇಸ್ತ್ರಿ ತೀರಿಕೊಂಡರು ಎಂದೆ.



"ನಾ ಅವರಿಗೆ ಹೊಡದೆ" ಎಂದರು ಆ ಅಪ್ಪ. "ನೀವು ನೋಡಿಕೊಂತ ನಿಂತಿದ್ರಿ."

"ಹೌದು."

"ಇಷ್ಟ ದಿನ ಯಾಕ ಹೇಳಲಿಲ್ಲ?"

ಮಗಳು, ಕೆಲಸ ಎಂದು ಏನೋ ಹೇಳಲು ಹೊರಟೆ. ಅವರು ನಡುವೆಯೇ, "ಅವರ ಮನ್ಯಾಗ ಯಾರದಾರ?" ಎಂದು ಕೇಳಿದರು. ಹೆಂಡತಿ ಇದ್ದಾರೆ ಎಂದೆ. "ನಾ ಬರ್ತೀನಿ" ಎಂದು ಇಟ್ಟರು.

ನಾಲ್ಕನೆಯ ದಿನ ಬಂದರು. ಬಸ್‌ಸ್ಟ್ಯಾಂಡಿನಿಂದ ನಾನೇ ಕರೆದುಕೊಂಡು ಹೋದೆ. ಮೇಸ್ತ್ರಿಯ ಊರಿನ ಬಸ್ಸಿನಲ್ಲಿ ನನ್ನಿಂದ ದೂರ ಹೋಗಿ ಕೂತರು. ಮೇಸ್ತ್ರಿಯ ಹೆಂಡತಿ ಬಾಗಿಲಿಗೆ ಬಂದಾಗ ಆ ಮನುಷ್ಯ ಹೊಸ್ತಿಲ ಹೊರಗೇ ಮಂಡಿಯೂರಿ, ಆಕೆಯ ಪಾದದ ಹತ್ತಿರ ಹಣೆಯಿಟ್ಟರು. ಆಕೆ ಬೆದರಿ ಹಿಂದೆ ಸರಿದರು. ಆಗ ನಾನು ಹೇಳಿದೆ. ಎಲ್ಲವನ್ನೂ, ನಿಂತುಕೊಂಡೇ, ಬೀದಿಯಲ್ಲಿ ಹೋಗುವವರಿಗೂ ಕೇಳಿಸುವಂತೆ. ಮೇಸ್ತ್ರಿ ಮನೆಯಲ್ಲಿ ನನ್ನ ಬಗ್ಗೆ ಒಂದು ಮಾತೂ ಆಡಿರಲಿಲ್ಲ ಎಂದು ನನಗೆ ತಿಳಿದದ್ದು ಆಕೆಯ ಮುಖ ನೋಡಿದ ಮೇಲೆ.

"ಮರಳಿತ್ತು ಅಂತ ಅವ್ರು ನಂಗೂ ಯೋಳಿದ್ರು" ಎಂದರು ಆಕೆ. "ನಾನು ಅದೊಂದುನ್ನ ನಂಬಿರ್ನಿಲ್ಲ. ಆದ್ರೆ ಅವ್ರೇ ಅಂತಾರಲ್ಲ ಅಂತ ಸುಮ್ನಾದೆ. ಜನ ಅಂದಾಗ್ಲೂ ಸುಮ್ನಾದೆ."

ಕೆಳಗೆ ಕೂತಿದ್ದವರ ತೋಳು ಹಿಡಿದು ಎಬ್ಬಿಸಿದರು. "ಏಳಪ್ಪಾ. ದೂರದಿಂದ ಬಂದಿದ್ದೀಯ. ಮಗುನ್ನ ಕಳ್ಕಂಡೋನು ನೀನು. ಒಳೀಕ್ ಬಾ, ಊಟ ಮಾಡು."

ಅವರು ಒಳಗೆ ಹೋದರು. ಆಕೆ ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ದನಿಯನ್ನೂ ಏರಿಸಲಿಲ್ಲ.

"ಅರ್ಜಿ ತುಂಬುಸ್ಕಳಕ್ಕೆ ನಿಮ್ಮತ್ರನೇ ಬಂದಿದ್ನಲ್ಲ ನಾನು" ಎಂದರು. "ಇನ್ಮ್ಯಾಲೆ ಈ ಮನೆಗೆ ಬರಬ್ಯಾಡಿ."

ನಾನು ಚಪ್ಪಲಿ ಮೆಟ್ಟಿಕೊಂಡೆ. ಒಳಗೆ ತಟ್ಟೆ ಇಡುವ ಸದ್ದು, ಆಕೆ ಅವರಿಗೆ ಕೈ ತೊಳೆಯಲು ನೀರು ಕೊಡುವ ಸದ್ದು ಬೀದಿಯವರೆಗೂ ಕೇಳುತ್ತಿತ್ತು. ಆಮೇಲೆ ನಾನು ಆ ಮನೆಗೆ ಹೋಗಿಲ್ಲ.